ಸೋಮವಾರ ಸಂಜೆಯ ಮರಳುಬೆಟ್ಟ

ಅಲ್ ಸದ್ದ್, ಮಧ್ಯಾಹ್ನ ಮೂರು ಗಂಟೆ

ಮರಳುದಿಬ್ಬವನ್ನು ನಾನು ಇಪ್ಪತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಬಿಡಿಸಿದ್ದೇನೆ. ಎಡಗಡೆಯಿಂದ ಮೂರು ಬಾಣ, ಅದು ಗಾಳಿ. ಆಮೇಲೆ ನಿಧಾನವಾಗಿ ಏರುವ ಒಂದು ಗೆರೆ, ಕಡಿದಾಗಿ ಇಳಿಯುವ ಇನ್ನೊಂದು ಗೆರೆ. ಕೆಳಗೆ ‘ಅರ್ಧಚಂದ್ರಾಕಾರದ ಮರಳುದಿಬ್ಬ’ ಎಂದು ಬರೆದರೆ ಪಾಠ ಮುಗಿಯಿತು. ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಬರುತ್ತಿತ್ತು. ಬಾಣ ಹಾಕಲು ಮರೆತವರಿಗೆ ನಾನು ಒಂದು ಅಂಕ ಕಳೆಯುತ್ತಿದ್ದೆ. ಆ ದಿಬ್ಬದ ಮೇಲೆ ಕಾಲಿಟ್ಟರೆ ಏನಾಗುತ್ತದೆ ಎಂದು ಉದ್ಯಾವರದ ನಮ್ಮ ಶಾಲೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಮ್ಮನೆ ಕೂತುಕೋ ಎನ್ನುತ್ತಿದ್ದೆ, ಯಾಕೆಂದರೆ ನನಗೂ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಯಲ್ಲಿ ನಾನು ಕತಾರಿಗೆ ಹೋದದ್ದಾದರೂ ಮರಳು ನೋಡಲಿಕ್ಕಲ್ಲ. ನನ್ನ ತಂಗಿ ಐರಿನ್ ದೋಹಾದ ಅಲ್ ಸದ್ದ್‌ನಲ್ಲಿ, ಮೂರನೆಯ ಮಾಳಿಗೆಯ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಅವಳ ಗಂಡ ಲಾರೆನ್ಸ್ ಎಣ್ಣೆ ಕಂಪೆನಿಯೊಂದರ ಕಚೇರಿಯಲ್ಲಿ ಗುಮಾಸ್ತ. ಇಬ್ಬರಿಗೂ ಒಬ್ಬಳೇ ಮಗಳು, ಜೊವಿಟಾ. ಹದಿಮೂರು ತುಂಬಿತ್ತು. ಅವಳನ್ನು ಊರಿಗೆ ಕರೆದುಕೊಂಡು ಹೋಗುವುದೇ ನನ್ನ ಪ್ರಯಾಣದ ಕೆಲಸ.

ಗಲ್ಫಿನಲ್ಲಿರುವ ನಮ್ಮ ಕರಾವಳಿಯ ಮನೆಗಳಲ್ಲಿ ಅದೊಂದು ಪದ್ಧತಿಯೇ ಆಗಿಬಿಟ್ಟಿತ್ತು. ಎಂಟನೆಯ ತರಗತಿ ಮುಗಿಯಿತೆಂದರೆ ಹೆಣ್ಣುಮಗಳು ಊರಿಗೆ, ಅಜ್ಜಿಯ ಮನೆಗೋ ಸಿಸ್ಟರುಗಳ ಹಾಸ್ಟೆಲಿಗೋ. ಮುಂದೆ ಕಾಲೇಜಿನಲ್ಲಿ ಸೀಟು ಸಿಗಬೇಕು, ಭಾಷೆ ಬರಬೇಕು, ಬಂಧುಬಳಗದ ನಡುವೆ ಬೆಳೆಯಬೇಕು ಎಂದು ಕಾರಣಗಳ ಪಟ್ಟಿಯನ್ನು ಎಲ್ಲರೂ ಬಾಯಿಪಾಠ ಮಾಡಿದವರಂತೆ ಒಪ್ಪಿಸುತ್ತಿದ್ದರು. ಜೊವಿಗೆ ನನ್ನ ಶಾಲೆಯಲ್ಲೇ ಒಂಬತ್ತನೆಗೆ ಸೀಟು ಗೊತ್ತಾಗಿತ್ತು. ಇರುವುದು ನನ್ನ ಮನೆಯಲ್ಲಿ. ಮದುವೆಯ ಗೋಜಿಗೆ ಹೋಗದ ನಾನು ಒಬ್ಬಳೇ ಇದ್ದ ಮನೆ ಅದು. ಮೂಲೆಯ ಕೋಣೆಗೆ ಸುಣ್ಣ ಬಳಿಸಿದ್ದೆ. ಆಚಾರಿಯನ್ನು ಕರೆಸಿ ಎರಡು ಡ್ರಾಯರಿನ ಮೇಜು ಮಾಡಿಸಿದ್ದೆ. ಮುಚ್ಚಿಡುವುದೇಕೆ, ಮನೆಯಲ್ಲಿ ಇನ್ನೊಂದು ಜೀವ ಓಡಾಡುತ್ತದೆ ಎಂದು ನನಗೆ ಬಹಳ ಸಂತೋಷವಾಗಿತ್ತು.

ಜೊವಿಗೆ ಅಷ್ಟು ಸಂತೋಷ ಇದ್ದಂತೆ ಕಾಣಲಿಲ್ಲ. ನಮ್ಮ ಮನೆಮಾತು ಕೊಂಕಣಿ, ಅವಳಿಗೆ ನಾನು ಮಾವ್ಶಿ, ಎಂದರೆ ದೊಡ್ಡಮ್ಮ. ಆದರೆ ನಾನು ಬಂದ ದಿನದಿಂದ ಅವಳೊಡನೆ ಕನ್ನಡವನ್ನೇ ಹಟ ಹಿಡಿದಿದ್ದೆ, ಊರಲ್ಲಿ ಪರೀಕ್ಷೆ ಬರೆಯುವವಳಲ್ಲವೇ ಎಂದು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಕೇಳದಿದ್ದರೆ ಇಲ್ಲ. ಹನ್ನೆರಡು ದಿನ ಹೀಗೇ ಕಳೆಯಿತು. ಮಂಗಳವಾರ ಅವಳ ಶಾಲೆಯಿಂದ ಟಿ.ಸಿ. ತೆಗೆಯುವುದು, ಬುಧವಾರ ನಮ್ಮಿಬ್ಬರಿಗೂ ಬೊಂಬಾಯಿಗೆ ವಿಮಾನ. ಉಳಿದದ್ದು ಸೋಮವಾರ ಒಂದೇ.

ಆ ಬೆಳಿಗ್ಗೆ ಐರಿನ್ ಮಗಳನ್ನು ಕೇಳಿದಳು, “ಹೋಗುವ ಮೊದಲು ನಿನಗೆ ಎಂತಾದರೂ ಆಸೆ ಉಂಟಾ?”

ಜೊವಿ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು, “ದೊಡ್ಡ ಡ್ಯೂನ್. ಸ್ಕೀ ಮಾಡ್ಲಿಕ್ಕೆ.”

ಡ್ಯೂನ್ ಎಂದರೆ ಮರಳುದಿಬ್ಬ, ಸ್ಕೀ ಎಂದರೆ ಹಿಮದ ಮೇಲೆ ಜಾರುವುದು ಎಂದು ನನಗೆ ಗೊತ್ತಿತ್ತು. ನಾಲ್ಕು ಸಲ ಮಿಂದರೂ ಬೆವರು ಆರದ ಈ ಊರಿನಲ್ಲಿ ಎಂಥ ಸ್ಕೀ ಎಂದು ಕೇಳಿದೆ. ಆಗ ವಿಷಯ ತಿಳಿಯಿತು. ಲಾರೆನ್ಸನ ಹಳೆಯ ಮೇಲಧಿಕಾರಿ ನಾರ್ವೆ ದೇಶದವರು. ಇಲ್ಲಿ ಹಿಮ ಇಲ್ಲವೆಂದು ಸುಮ್ಮನಿರಲಾರದೆ ಮರಳಿನ ಮೇಲೆ ಜಾರುತ್ತಿದ್ದರಂತೆ. ಮೂರಕ್ಕೆ ಕಚೇರಿ ಬಿಟ್ಟರೆ ನಾಲ್ಕೂವರೆಗೆ ದಿಬ್ಬದ ಮೇಲೆ. ಎರಡು ಚಳಿಗಾಲ ತಮ್ಮ ಮಗಳೊಂದಿಗೆ ಜೊವಿಯನ್ನೂ ಕರೆದುಕೊಂಡು ಹೋಗಿ ಕಲಿಸಿದರು. ದೇಶಕ್ಕೆ ಮರಳುವಾಗ ಮಗಳ ಸಲಕರಣೆಯನ್ನು ಜೊವಿಗೆ ಕೊಟ್ಟರು. ಮಂಚದ ಕೆಳಗಿನಿಂದ ಅದನ್ನು ಎಳೆದು ತೋರಿಸಿದಳು. ಮುಂದಿನ ತುದಿ ಮೇಲಕ್ಕೆ ಬಾಗಿದ ಎರಡು ಉದ್ದ ಹಲಗೆಗಳು, ಜೊತೆಗೆ ಎರಡು ಊರುಗೋಲು, ಆನೆಕಾಲಿನಂಥ ಬೂಟು.

ಶುಕ್ರವಾರವಾದರೆ ಅರ್ಧ ದೋಹಾ ಅಲ್ಲೇ ಇರುತ್ತದಂತೆ. ವಾರದ ನಡುವೆ ಹೋಗುವವರಿಲ್ಲ. ಲಾರೆನ್ಸನಿಗೆ ಆ ದಿನ ಕಚೇರಿಯಲ್ಲಿ ಏಳರವರೆಗೂ ಹೆಚ್ಚಿನ ಕೆಲಸ, ಐರಿನಳಿಗೆ ಪೆಟ್ಟಿಗೆ ಕಟ್ಟುವ ಗಡಿಬಿಡಿ. ಹಾಗಾಗಿ ಹಮೀದಾಕನಿಗೆ ಫೋನು ಹೋಯಿತು. ಹಮೀದಾಕ ಲಾರೆನ್ಸನ ಸ್ನೇಹಿತ, ಉಳ್ಳಾಲದವರು, ಅರುವತ್ತರ ಹತ್ತಿರದ ವಯಸ್ಸು. ದೋಹಾ ಅಲ್ ಜದೀದಾದಲ್ಲಿ ಕಾರಿನ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದಾರೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ, ಮರಳಿನಲ್ಲಿ ಓಡುವ ಗಾಡಿಯೂ ಉಂಟು. ಮೂರೂಕಾಲಿಗೆ ಕೆಳಗಿನಿಂದ ಹಾರ್ನ್ ಕೇಳಿತು.

ನಾನು ಐರಿನಳ ಚೂಡಿದಾರ ತೊಟ್ಟು ಮೆಟ್ಟಿಲಿಳಿದೆ. ಸೀರೆ ಬಿಟ್ಟು ಬೇರೆ ತೊಟ್ಟು ಹೊರಗೆ ಕಾಲಿಟ್ಟದ್ದು ಹತ್ತನೆಯ ತರಗತಿಯ ನಂತರ ಅದೇ ಮೊದಲು. ಯಾರೂ ನೋಡಲಿಲ್ಲ. ಸ್ವಲ್ಪ ನಿರಾಶೆಯೇ ಆಯಿತು.

ಡಾಂಬರು ಮುಗಿದಲ್ಲಿ

ಕತಾರಿನಲ್ಲಿ ಬೆಟ್ಟ ಎನ್ನುವುದು ಇಲ್ಲ. ನೆಲ ಚಪಾತಿ ಮಣೆಯಷ್ಟು ಸಮ. ಕಿಟಕಿಯ ಹೊರಗೆ ಮುಕ್ಕಾಲು ಗಂಟೆ ಒಂದೇ ದೃಶ್ಯ: ಬೂದು ಜಲ್ಲಿ, ವಿದ್ಯುತ್ ಕಂಬ, ಮತ್ತೆ ಬೂದು ಜಲ್ಲಿ. ನಮ್ಮಲ್ಲಿ ಉಡುಪಿಯಿಂದ ಕಾರ್ಕಳಕ್ಕೆ ಹೋಗುವಷ್ಟರಲ್ಲಿ ಮೂರು ಹೊಳೆ, ಹತ್ತು ತಿರುವು, ಒಂದು ಜಗಳ ಆಗಿರುತ್ತದೆ. ಇಲ್ಲಿ ರಸ್ತೆಯೂ ತಿರುಗಲಿಲ್ಲ, ಜೊವಿಯೂ ತಿರುಗಿ ನೋಡಲಿಲ್ಲ. ಉಮ್ ಸಯೀದ್ ದಾಟಿದ ಮೇಲೆ ದೂರದಲ್ಲಿ ಏನೋ ಹಳದಿಯಾಗಿ ಎದ್ದು ನಿಂತಿತು. ಮೋಡವೆಂದುಕೊಂಡೆ.

“ಅದೇ ಟೀಚರೇ ನಿಮ್ಮ ಬೆಟ್ಟ,” ಎಂದರು ಹಮೀದಾಕ.

ಡಾಂಬರು ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಇಳಿದರು. ಬೆಂಕಿಕಡ್ಡಿ ತೆಗೆದು ಟಯರಿನ ಬಾಯಿಗೆ ಚುಚ್ಚಿ ಗಾಳಿ ಬಿಡತೊಡಗಿದರು. ಪಂಕ್ಚರ್ ಆಗದಿರಲಿ ಎಂದು ದಾರಿಯುದ್ದಕ್ಕೂ ಪ್ರಾರ್ಥಿಸಿದವಳು ನಾನು. ಇವರು ತಾವೇ ಗಾಳಿ ತೆಗೆಯುತ್ತಿದ್ದಾರೆ.

“ಉಬ್ಬಿದ ಟಯರು ಮರಳಲ್ಲಿ ಹೂತುಹೋಗ್ತದೆ,” ಎಂದರು. “ಚಪ್ಪಟೆ ಆದ್ರೆ ಮೇಲಿಂದ ಮೇಲೆ ಹೋಗ್ತದೆ. ಒಂಟೆಯ ಕಾಲು ನೋಡಿದ್ದೀರಲ್ಲ, ಹಾಗೆ.”

ಅಳೆಯುವ ಸಾಧನ ಅವರ ಬಳಿ ಇರಲಿಲ್ಲ. ತುಟಿಯಲ್ಲೇ ಸುಬ್ಹಾನಲ್ಲಾಹ್ ಎನ್ನುತ್ತ ಬೆರಳ ಗೆಣ್ಣು ಎಣಿಸುತ್ತಿದ್ದರು. ಮೂವತ್ತಮೂರು ಆದ ಕೂಡಲೇ ಕಡ್ಡಿ ತೆಗೆದು ಮುಂದಿನ ಟಯರಿಗೆ. ನಾಲ್ಕು ಟಯರೂ ಒಂದೇ ಸಮ ಕುಸಿದು ಕೂತವು. ನಮ್ಮ ಅಮ್ಮ ಮೊಟ್ಟೆ ಬೇಯಿಸುವಾಗ ಹತ್ತು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಮತ್ತು ಹತ್ತು ‘ನಮೋ ಮರಿಯಾ’ ಜಪ ಹೇಳುತ್ತಿದ್ದಳು. ಅದನ್ನು ಹೇಳಿದೆ. ಹಮೀದಾಕ ನಕ್ಕು, “ಅದೂ ಗಡಿಯಾರವೇ,” ಎಂದರು.

ದಿಬ್ಬದ ಬುಡ

ಹತ್ತಿರ ಹೋದೆವು. ಹತ್ತು ಹನ್ನೆರಡು ಮಾಳಿಗೆಯಷ್ಟು ಎತ್ತರದ ಮರಳು, ಒಂದು ಕಲ್ಲಿಲ್ಲ, ಒಂದು ಹುಲ್ಲಿಲ್ಲ. ಮೇಲಿನ ಅಂಚು ಬ್ಲೇಡಿನಲ್ಲಿ ಕೊಯ್ದಷ್ಟು ಚೂಪು. ನಾನು ಭೂಗೋಳದ ಟೀಚರೆಂಬ ಹಮ್ಮಿನಿಂದ, “ಗಾಳಿ ಬೀಸುವ ಕಡೆಯಿಂದ ಹತ್ತಬೇಕು, ಅಲ್ಲಿ ಇಳಿಜಾರು ಕಡಿಮೆ,” ಎಂದು ಎಡಕ್ಕೆ ನಡೆದೆ.

“ಮಾವ್ಶಿ, ಆ ಕಡೆ ಅಲ್ಲ. ಗಾಳಿ ಅಲ್ಲಿಂದ ಬರುದು,” ಎಂದು ಜೊವಿ ಬಲಕ್ಕೆ ಕೈ ತೋರಿಸಿದಳು. ನನ್ನ ಕರಿಹಲಗೆಯಲ್ಲಿ ಗಾಳಿ ಯಾವಾಗಲೂ ಎಡದಿಂದಲೇ ಬೀಸಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಬಲದಿಂದ ಬಾಣ ಹಾಕಿದವಳಲ್ಲ.

ಸ್ವಲ್ಪ ದೂರದಲ್ಲಿ ಒಬ್ಬ ವಯಸ್ಸಾದ ಕತಾರಿ, ಕಾರಿನ ಪಕ್ಕ ರತ್ನಗಂಬಳಿ ಹಾಸಿ ಕೂತಿದ್ದ. ಮುಂದೆ ಒಂದು ಕಾಫಿಯ ಫ್ಲಾಸ್ಕು, ಖರ್ಜೂರದ ಡಬ್ಬಿ. ಮಾಡುವುದಕ್ಕೆ ಬೇರೇನೂ ಇಲ್ಲ. ಮರಳು ನೋಡುತ್ತಿದ್ದ. ಇವನಿಗೇನು ಕಷ್ಟವೋ ಎಂದು ನನಗೆ ಕನಿಕರವಾಯಿತು. ಕಷ್ಟ ಎಂತದ್ದೂ ಇಲ್ಲ, ಊರಲ್ಲಿ ದೊಡ್ಡ ಮನೆ ಉಂಟು, ಸಂಜೆ ಹೀಗೆ ಬಂದು ಕೂರುವುದು ಇವರ ಅಭ್ಯಾಸ ಎಂದರು ಹಮೀದಾಕ. ನಮ್ಮಲ್ಲಿ ಸಮುದ್ರದ ಪಕ್ಕದಲ್ಲೇ ಮನೆ ಇದ್ದವರು ಕೂಡ ಮೀನು ತರುವುದಿದ್ದರೆ ಮಾತ್ರ ಅತ್ತ ಹೋಗುತ್ತಾರೆ. ಬರಿದೇ ಕೂತರೆ ಮನೆಯವರು ಹುಡುಕಿಕೊಂಡು ಬರುತ್ತಾರೆ.

ಅವನು ನಮ್ಮನ್ನು ಕೈಬೀಸಿ ಕರೆದು ಕಹಿಗಾಫಿ ಕೊಟ್ಟ. ಹಲಗೆಗಳನ್ನು ನೋಡಿ ಹಮೀದಾಕನಲ್ಲಿ ಅರಬ್ಬಿಯಲ್ಲಿ ಏನೋ ಕೇಳಿದ.

“ನಿಮ್ಮ ದೇಶದಲ್ಲಿ ತುಂಬ ಹಿಮ ಉಂಟಾ ಅಂತ ಕೇಳ್ತಾನೆ,” ಎಂದರು ಹಮೀದಾಕ.

“ನೀವು ಎಂತ ಹೇಳಿದ್ರಿ?”

“ಮೊಣಕಾಲವರೆಗೆ ಅಂತ ಹೇಳಿದೆ. ಹಿಮಾಲಯ ನಮ್ಮದೇ ಅಲ್ವಾ.”

ನನ್ನ ಜನ್ಮದಲ್ಲಿ ನಾನು ಕಂಡ ಹಿಮ ಐಸ್‌ಕ್ಯಾಂಡಿಯವನ ಪೆಟ್ಟಿಗೆಯಲ್ಲಿದ್ದದ್ದು. ಮುದುಕ ಗೌರವದಿಂದ ನನ್ನ ಕಡೆ ತಲೆಯಾಡಿಸಿದ. ನಾನೂ ಆಡಿಸಿದೆ.

ಎಣ್ಣೆ

ಮೊದಲ ಸಲದವರು ಮೇಲಿನಿಂದ ಇಳಿಯಬಾರದು, ಬುಡದಲ್ಲಿ ಹತ್ತಿಪ್ಪತ್ತು ಹೆಜ್ಜೆ ಏರಿ ಅಭ್ಯಾಸ ಮಾಡಬೇಕು ಎಂಬುದು ಜೊವಿಯ ಕಟ್ಟಪ್ಪಣೆ. ನನ್ನ ಪಾದ ಸಣ್ಣದು, ಬೂಟು ಹಿಡಿಯಿತು. ಅವಳು ಜೇಬಿನಿಂದ ಮೇಣದಬತ್ತಿಯ ತುಂಡೊಂದನ್ನು ತೆಗೆದು ಹಲಗೆಯ ತಳಕ್ಕೆ ಉಜ್ಜತೊಡಗಿದಳು. ಮನೆಯ ಆಲ್ತಾರಿನಲ್ಲಿ ದೇವರ ಮುಂದೆ ಉರಿದು ಉಳಿದ ತುಂಡು ಅದು. ತುದಿಯಿಂದ ತುದಿಗೆ, ಮತ್ತೆ ಮತ್ತೆ. ಹೊತ್ತು ಹೋಗುತ್ತಿತ್ತು.

ಹಮೀದಾಕನಿಗೆ ತಾಳ್ಮೆ ಸಾಲದಾಯಿತು. “ಇದು ಎಂತ ಸಾವು ಮಾರಾಯ್ತಿ. ಹಲಗೆ ಜಾರ್ಲಿಕ್ಕೆ ಎಣ್ಣೆ ಬೇಕು. ಉಳ್ಳಾಲದಲ್ಲಿ ನನ್ನ ಬಾಪ ದೋಣಿ ನೀರಿಗೆ ಇಳಿಸುದು ಹೇಗೆ? ಹಲಗೆಗೆ ಮೀನೆಣ್ಣೆ ಬಳಿಯುದು, ಒಂದು ದೂಡು, ಖಲಾಸ್.”

ನಾನು ಪಡುಕೆರೆಯ ಕಡಲು ನೋಡಿ ಬೆಳೆದವಳು. ಎಣ್ಣೆ ಬಳಿದ ಹಲಗೆಯ ಮೇಲೆ ಹತ್ತು ಜನರ ತೂಕದ ದೋಣಿ ಬೆಣ್ಣೆಯಂತೆ ಜಾರುವುದನ್ನು ಸಾವಿರ ಸಲ ಕಂಡಿದ್ದೇನೆ. “ಸರಿಯಾದ ಮಾತು,” ಎಂದೆ.

ಹಮೀದಾಕ ಗಾಡಿಯಿಂದ, ಮಧ್ಯಾಹ್ನ ಮನೆಗೆಂದು ಕೊಂಡ ತೆಂಗಿನೆಣ್ಣೆಯ ಬಾಟಲಿ ತಂದರು.

“ಎಣ್ಣೆ ಬೇಡ,” ಎಂದಳು ಜೊವಿ. “ಸ್ಯಾಂಡ್ ಅಂಟ್ತದೆ.”

“ನಿನಗೆ ಗೊತ್ತಾಗುದಿಲ್ಲ ಮಗಳೇ,” ಎಂದರು ಹಮೀದಾಕ.

“ಪ್ಲೀಸ್ ಮಾವ್ಶಿ. ಬೇಡ.”

“ದೊಡ್ಡವರು ಹೇಳುವಾಗ ಮಧ್ಯೆ ಬಾಯಿ ಹಾಕಬೇಡ,” ಎಂದೆ ನಾನು, ತರಗತಿಯ ಸ್ವರದಲ್ಲಿ. ಅವಳು ಮೇಣದ ತುಂಡನ್ನು ಜೇಬಿಗೆ ಹಾಕಿ ಹಿಂದೆ ಸರಿದು ನಿಂತಳು.

ಎರಡು ಹಲಗೆಗೂ ಧಾರಾಳವಾಗಿ ಎಣ್ಣೆ ಬಿತ್ತು. ಇಪ್ಪತ್ತು ಹೆಜ್ಜೆ ಏರಿ, ಬೂಟು ಸಿಕ್ಕಿಸಿ, ಎರಡೂ ಕೈಗೆ ಊರುಗೋಲು ಹಿಡಿದು ನಾನು ಕೆಳಗೆ ನೋಡಿದೆ. ಮುದುಕ ಎದ್ದು ನಿಂತು ನೋಡುತ್ತಿದ್ದ. ಹಿಮದ ದೇಶದಿಂದ ಬಂದವಳಲ್ಲವೇ. “ಯಲ್ಲಾ ಟೀಚರೇ,” ಎಂದರು ಹಮೀದಾಕ. ನಾನು ಮುಂದಕ್ಕೆ ಬಾಗಿ ದೂಡಿಕೊಂಡೆ. ದೇಹ ಮುಂದೆ ಹೋಯಿತು. ಹಲಗೆ ಹೋಗಲಿಲ್ಲ. ಮುಖ ಅಡಿಯಾಗಿ ಮರಳಿನಲ್ಲಿ ಹೂತುಕೊಂಡೆ.

ಬಾಯಿ, ಮೂಗು, ಕಿವಿ, ಕೂದಲ ಬುಡ, ಎಲ್ಲೆಲ್ಲೂ ಮರಳು. ಜೊವಿ ಓಡಿ ಬಂದು ಬೂಟಿನ ಕೊಂಡಿ ಬಿಚ್ಚಿದಳು. ಹಲಗೆಯನ್ನು ಮಗುಚಿ ನೋಡಿದರೆ ರವೆಯಲ್ಲಿ ಹೊರಳಿಸಿ ಫ್ರೈಗೆ ತಯಾರಾದ ಕಾಣೆ ಮೀನಿನ ಹಾಗಿತ್ತು. ಆಗ ನನಗೆ ಹೊಳೆಯಿತು. ಊರಲ್ಲಿ ಎಣ್ಣೆ ಬಳಿಯುವುದು ಹಲಗೆಯ ಮೇಲ್ಮೈಗೆ, ಜಾರುವುದು ದೋಣಿ. ಮರಳು ಎಣ್ಣೆಯನ್ನು ಮುಟ್ಟುವುದೇ ಇಲ್ಲ. ಕಡಲ ಬದಿಯ ಎರಡು ಹಳೆಯ ತಲೆಗಳು ಸೇರಿ ಅಷ್ಟು ಯೋಚಿಸಲಿಲ್ಲ.

ಜೊವಿ ನಗಲಿಲ್ಲ. ಒಣ ಮರಳನ್ನು ಹಿಡಿಹಿಡಿಯಾಗಿ ಹಲಗೆಗೆ ಸುರಿದು, ಜಿಡ್ಡಿನ ಬಾಣಲೆ ತಿಕ್ಕುವವಳಂತೆ ತಿಕ್ಕಿ ತಿಕ್ಕಿ ಎಣ್ಣೆ ತೆಗೆದಳು. ಹಮೀದಾಕ ತಮ್ಮ ಅಂಗಡಿಯ ಹಳೆ ಬಟ್ಟೆಯ ತುಂಡು ತಂದು ಮೆತ್ತಗೆ ಪಕ್ಕದಲ್ಲಿಟ್ಟು ಹೋದರು. ನನಗೆ ನಾಚಿಕೆಯಾಯಿತು. ಬಿದ್ದದ್ದಕ್ಕಲ್ಲ.

“ನೀನು ಹೇಳಿದ್ದಿ,” ಎಂದೆ.

“ಹೌದು. ಎರಡು ಸಲ,” ಎಂದಳು, ತಿಕ್ಕುವುದನ್ನು ನಿಲ್ಲಿಸದೆ.

ನೆತ್ತಿ

ಬೆಟ್ಟ ಹತ್ತುವಾಗ ಅವಳು ಹೇಳಿದ ಹಾಗೇ ಕೇಳಿದೆ. ಚಪ್ಪಲಿ ಕೆಳಗೇ ಬಿಡಬೇಕು. ಕಡಿದಾದ ಮುಖವನ್ನು ಬಿಟ್ಟು, ಬಳಸಿ ಹೋಗಿ ಗಾಳಿಯ ಬದಿಯಿಂದ ಏರಬೇಕು. ಅಲ್ಲಿ ಮರಳು ಗಟ್ಟಿ, ಮೈಮೇಲೆ ಅಲೆಅಲೆಯ ಗೆರೆ. ಮೇಲಿನ ಕಾಲು ಭಾಗ ಮಾತ್ರ ಮೆತ್ತಗೆ, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದೆ ಬರುತ್ತದೆ. ಅವಳು ಹಲಗೆಗಳನ್ನು ಹೆಗಲ ಮೇಲೆ ಹೊತ್ತು ಮುಂದೆ, ಅವಳ ಹೆಜ್ಜೆಯ ಗುಳಿಯಲ್ಲೇ ಕಾಲಿಡುತ್ತ ನಾನು ಹಿಂದೆ. ನಲುವತ್ತೊಂಬತ್ತರ ನನ್ನ ಮೊಣಕಾಲು ಎಂಟು ಸಲ ನಿಲ್ಲಿಸಿತು. ಎಂಟು ಸಲವೂ ಅವಳು ನಿಂತು ಕಾದಳು.

ಮೇಲೆ ತಲುಪಿದಾಗ ಐದೂವರೆ ಇರಬೇಕು. ಆಚೆ ಕಡೆ ಸಮುದ್ರ. ನಮ್ಮಲ್ಲಿ ಬೆಟ್ಟಕ್ಕೂ ಕಡಲಿಗೂ ನಡುವೆ ಎಷ್ಟು ಊರುಗಳು. ಇಲ್ಲಿ ಬೆಟ್ಟ ನೇರವಾಗಿ ನೀರಿಗೆ ಕಾಲು ಚಾಚಿತ್ತು. ಅಂಚಿನ ಮೇಲೆ ಕುದುರೆ ಸವಾರಿ ಮಾಡುವವರಂತೆ ಆಚೆಗೊಂದು ಈಚೆಗೊಂದು ಕಾಲು ಇಳಿಬಿಟ್ಟು ಕೂತೆವು. ಗಾಳಿ ಕಾಳುಕಾಳಾಗಿ ಮರಳನ್ನು ಹೊತ್ತು ತಂದು ನಮ್ಮ ತೊಡೆ ದಾಟಿಸಿ ಆಚೆ ಹಾಕುತ್ತಿತ್ತು.

“ಇದು ನಡೀತದೆ ಮಾವ್ಶಿ,” ಎಂದಳು. ನನ್ನನ್ನು ತಿದ್ದಲಿಕ್ಕಲ್ಲದೆ, ತಾನಾಗಿಯೇ ಅವಳು ನನ್ನೊಡನೆ ಆಡಿದ ಮೊದಲ ಮಾತು. ಕೆಳಗೆ ಬೆರಳು ತೋರಿಸಿದಳು. ಮರಳಿನಿಂದ ಒಂದು ಕಂಬದ ತಲೆ ಮಾತ್ರ ಹೊರಗಿತ್ತು. “ಹೋದ ವರ್ಷ ಆ ಪೋಲ್ ಫುಲ್ ಹೊರಗೆ ಇತ್ತು. ನಾನು ಬಂದಾಗ ಪ್ರತಿ ಸಲ ನೋಡ್ತೇನೆ.”

ಮರಳುದಿಬ್ಬಗಳು ವರ್ಷದಿಂದ ವರ್ಷಕ್ಕೆ ಮುಂದೆ ಸರಿಯುತ್ತವೆ ಎಂದು ನಾನು ಎಷ್ಟು ಮಕ್ಕಳಿಗೆ ಬರೆಸಿದ್ದೇನೋ. ಸರಿದದ್ದನ್ನು ಗುರುತಿಟ್ಟು ನೋಡಿದವಳು ಇವಳು. ಗಂಟಲಲ್ಲಿ ಇನ್ನೂ ಮರಳಿತ್ತು. ಕೆಳಗೆ ಅವಳು ಹೇಳಿದ ‘ಎರಡು ಸಲ’ ಎನ್ನುವುದು ಕಿವಿಯಲ್ಲೇ ಇತ್ತು. ಕೇಳಿಯೇ ಬಿಟ್ಟೆ.

“ಜೊವಿ, ಎಣ್ಣೆಯದ್ದು ಬಿಡು. ಬೇರೆ ಎಂತ ನೀನು ಹೇಳಿದ್ದಿ, ನಾವು ಕೇಳಲಿಲ್ಲ?”

ಅವಳು ಒಂದು ಹಿಡಿ ಮರಳನ್ನು ಬೆರಳ ಸಂದಿಯಲ್ಲಿ ಸೋಸಿದಳು. “ಹೇಳಿದ್ರೆ ನೀವು ಎಂತ ಮಾಡ್ತೀರಿ?”

“ಗೊತ್ತಿಲ್ಲ. ಮೊದಲು ಕೇಳ್ತೇನೆ.”

“ನನಗೆ ಹೋಗ್ಲಿಕ್ಕೆ ಮನಸ್ಸಿಲ್ಲ.” ಆಮೇಲೆ ಗಡಿಬಿಡಿಯಲ್ಲಿ ಹೇಳಿದಳು, “ನಿಮ್ಮ ಮೇಲೆ ಕೋಪ ಅಲ್ಲ. ನೀವು ಟೇಬಲ್ ಮಾಡಿಸಿದ್ದು ಮಮ್ಮಿ ಹೇಳಿದ್ರು. ಆದ್ರೆ ಎಲ್ರೂ ಊರು ಊರು ಹೇಳ್ತಾರೆ. ನಾನು ಅಲ್ಲಿ ನಾಲ್ಕು ಸಲ ಬಂದದ್ದು, ರಜೆಯಲ್ಲಿ. ಅಲ್ಲಿ ನಾನು ಗೆಸ್ಟ್. ನಾನು ಹುಟ್ಟಿದ್ದು ಇಲ್ಲಿ. ಟೆಂತ್ ಆಗುವ ತನಕ ಇಲ್ಲಿ ಇದ್ರೆ ಸಾಕು.”

“ಮಮ್ಮಿಗೆ ಹೇಳಿದ್ಯಾ?”

“ಹೇಳಿದೆ. ಮಕ್ಕಳಿಗೆ ಗೊತ್ತಾಗುದಿಲ್ಲ ಅಂತ ಹೇಳಿದ್ರು.”

ಹಮೀದಾಕ ಹೇಳಿದ ಮಾತೇ ಅದು. ನಾನೂ ಅದೇ ಅರ್ಥದ ಮಾತಾಡಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

ನನಗೆ ಏನನ್ನಿಸಿತು ಎಂದು ಇದ್ದಂತೆ ಬರೆಯುತ್ತೇನೆ. ಮೊದಲು ಬಂದದ್ದು ಸಿಟ್ಟು, ಸುಣ್ಣ ಬಳಿಸಿದ ಕೋಣೆ ನೆನೆದು. ಆಮೇಲೆ ದುಃಖ. ನನಗೆ ಇವಳು ಬೇಕಾಗಿದ್ದಳು. ಸಂಜೆ ಶಾಲೆಯಿಂದ ಬಂದು ಬೀಗ ತೆಗೆಯುವ ಬದಲು ಬಾಗಿಲು ಬಡಿಯುವುದು ಬೇಕಾಗಿತ್ತು. ಆದರೆ ಅದು ನನ್ನ ಬೇಕು. ಅದನ್ನು ಇವಳ ಒಳ್ಳೆಯದು ಎಂದು ಹೆಸರಿಟ್ಟು ವಿಮಾನ ಹತ್ತಿಸಲು ಹೊರಟಿದ್ದೆ.

“ನಾಳೆ ಟಿ.ಸಿ. ತೆಗೆಯುದಿಲ್ಲ,” ಎಂದೆ. “ಹೇಗೆ ಅಂತ ಕೇಳ್ಬೇಡ. ನೀನು ಬಾಯಿ ತೆರೆಯಬೇಡ. ನಾನು ನೋಡಿಕೊಳ್ತೇನೆ.”

ಅವಳು ನನ್ನ ಮುಖ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಎದ್ದು ಬೂಟು ಬಿಗಿದು ಹಲಗೆ ಸಿಕ್ಕಿಸಿಕೊಂಡಳು.

ಇಳಿತ

ಅವಳು ಕಡಿದಾದ ಮುಖದ ಮೇಲೆ ಇಳಿದದ್ದನ್ನು ನಾನು ಹೇಗೆ ಹೇಳಲಿ. ಮೊದಲು ಸದ್ದಿಲ್ಲ. ಮೊಣಕಾಲು ಬಾಗಿಸಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತ, ಹಿಂದೆ ಹಾವು ಹರಿದಂಥ ಗೆರೆ ಬಿಡುತ್ತ ಹೋದಳು. ಅರ್ಧ ದಾರಿಯಲ್ಲಿ ಬೆಟ್ಟವೇ ಗುಂಯ್ ಎನ್ನತೊಡಗಿತು. ಯಾರೋ ಒಳಗೆ ಕೂತು ಹಾರ್ಮೋನಿಯಂನ ಅತಿ ದಪ್ಪ ಸ್ವರವೊಂದನ್ನು ಒತ್ತಿ ಹಿಡಿದ ಹಾಗೆ. ವಿಮಾನವೆಂದು ತಲೆಯೆತ್ತಿ ನೋಡಿದೆ, ಆಕಾಶ ಖಾಲಿ. ಅವಳು ಬುಡದಲ್ಲಿ ನಿಂತ ಮೇಲೂ ಸ್ವಲ್ಪ ಹೊತ್ತು ಸದ್ದು ಇತ್ತು. ಒಣ ಮರಳು ಜಾರುವಾಗ ಹೀಗೆ ಮೊಳಗುತ್ತದೆ ಎಂದು ಆಮೇಲೆ ಹಮೀದಾಕ ಹೇಳಿದರು. ನನ್ನ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ.

ಈಗ ನಾನು ಮೇಲೆ ಒಬ್ಬಳೇ. ಹಲಗೆ ಅವಳೊಂದಿಗೆ ಹೋಗಿತ್ತು.

“ಕೂತು ಬನ್ನಿ ಮಾವ್ಶಿ,” ಎಂದು ಕೆಳಗಿನಿಂದ ಕೂಗಿದಳು. “ಹೆದರ್ಬೇಡಿ. ಹಿಂದೆ ಒರಗಿ.”

ಕೂತೆ. ಒರಗಿದೆ. ಕಣ್ಣು ಮುಚ್ಚಿ ಬಿಟ್ಟುಕೊಟ್ಟೆ. ಮರಳು ನನ್ನನ್ನು ಹೊತ್ತುಕೊಂಡು ಹೊರಟಿತು, ಮೊದಲು ನಿಧಾನ, ಆಮೇಲೆ ನನ್ನ ಸುತ್ತಮುತ್ತ ಒಂದು ಹಾಸಿಗೆಯಷ್ಟು ಮರಳು ಜೊತೆಯಲ್ಲೇ ಇಳಿಯತೊಡಗಿತು. ಆಗ ನನ್ನ ಅಡಿಯಲ್ಲೇ ಆ ಸ್ವರ ಎದ್ದಿತು. ಕಿವಿಗಿಂತ ಮೊದಲು ಬೆನ್ನುಮೂಳೆಗೆ ಕೇಳಿತು. ನಾನು ನಗುತ್ತಿದ್ದೆ ಎಂದು ಕೆಳಗೆ ಬಂದ ಮೇಲೇ ತಿಳಿದದ್ದು, ಯಾಕೆಂದರೆ ಬಾಯಲ್ಲಿ ಮತ್ತೆ ಮರಳು ತುಂಬಿತ್ತು. ಮುದುಕ ಚಪ್ಪಾಳೆ ತಟ್ಟಿದ.

ವಾಪಸು ಬರುವಾಗ ಪೆಟ್ರೋಲ್ ಪಂಪಿನಲ್ಲಿ ಟಯರಿಗೆ ಗಾಳಿ ತುಂಬಿಸಿದೆವು. ಜೊವಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಅವಳ ವಿಚಾರವನ್ನು ನಾನು ಹಮೀದಾಕನಿಗೆ ಎರಡೇ ಮಾತಿನಲ್ಲಿ ತಿಳಿಸಿದೆ.

ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು, “ನನ್ನ ಮೂರು ಹೆಣ್ಣುಮಕ್ಕಳೂ ಉಳ್ಳಾಲದಲ್ಲೇ ದೊಡ್ಡವರಾದದ್ದು ಟೀಚರೇ. ಎರಡು ವರ್ಷಕ್ಕೊಮ್ಮೆ ಹೋದಾಗ ಪ್ರತಿ ಸಲ ಬೇರೆಯೇ ಮಕ್ಕಳು ಇದ್ದ ಹಾಗೆ. ಲಾರೆನ್ಸಿಗೆ ಅದೆಲ್ಲ ಈಗ ಗೊತ್ತಾಗುದಿಲ್ಲ.”

ಅಲ್ ಸದ್ದ್, ಏಳೂವರೆ

ಅಡುಗೆಮನೆಯಲ್ಲಿ ಐರಿನ್ ಬಂಗುಡೆ ಸಾರು ಕುದಿಸುತ್ತಿದ್ದಳು. ಹಜಾರದಲ್ಲಿ ಎರಡು ಪೆಟ್ಟಿಗೆ ಹಗ್ಗ ಬಿಗಿದು ನಿಂತಿದ್ದವು. ಲಾರೆನ್ಸ್ ಆಗಷ್ಟೇ ಬಂದು ಟೈ ಸಡಿಲಿಸುತ್ತಿದ್ದ. ಇಲ್ಲಿ ನಾವಾಡಿದ್ದು ಕೊಂಕಣಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

ದಾರಿಯಲ್ಲಿ ನಾನು ಲೆಕ್ಕ ಹಾಕಿದ್ದೆ. ಜೊವಿಗೆ ಮನಸ್ಸಿಲ್ಲ ಎಂದರೆ ಏನಾಗುತ್ತದೆ? ಅವಳಿಗೆ ಬೈಗುಳ ಬೀಳುತ್ತದೆ, ಬುಧವಾರ ವಿಮಾನ ಹತ್ತುತ್ತಾಳೆ. ನಮ್ಮ ಮನೆಗಳಲ್ಲಿ ಮಗುವಿಗೆ ಇಷ್ಟವಿಲ್ಲ ಎನ್ನುವುದು ಕಾರಣವೇ ಅಲ್ಲ. ಇಟ್ಟುಕೊಳ್ಳುವವರಿಗೆ ಆಗುವುದಿಲ್ಲ ಎಂದರೆ ಮಾತ್ರ ಕಾರಣ.

“ಐರಿನ್, ನಾಳೆ ಟಿ.ಸಿ. ತೆಗೆಯಬೇಡ,” ಎಂದೆ. “ನನ್ನಿಂದ ಆಗಲಿಕ್ಕಿಲ್ಲ.”

“ಎಂತ ಆಗಲಿಕ್ಕಿಲ್ಲ?”

“ಅವಳನ್ನು ನೋಡಿಕೊಳ್ಳಲಿಕ್ಕೆ. ನಾನು ಒಬ್ಬಳೇ ಇದ್ದು ಅಭ್ಯಾಸ ಆದವಳು. ಇವತ್ತು ಒಂದು ಸಂಜೆಗೇ ಸುಸ್ತಾಯಿತು. ಹತ್ತನೆ ಇಲ್ಲೇ ಮುಗಿಸಲಿ. ಆಮೇಲೆ ನೋಡುವ.”

ಐರಿನ್ ಸೌಟು ಕೆಳಗಿಟ್ಟಳು. “ಎರಡು ತಿಂಗಳಿಂದ ಕಾಗದದಲ್ಲಿ ಬೇರೆಯೇ ಬರೆದಿದ್ದಿ. ಕೋಣೆ ಮಾಡಿದೆ, ಮೇಜು ಮಾಡಿದೆ ಅಂತ. ಈಗ ಎರಡು ದಿನ ಇರುವಾಗ ಹೀಗೆ ಹೇಳ್ತೀಯಲ್ಲ ಅಕ್ಕ. ನಮ್ಮದು ಅಂತ ಅಲ್ಲಿ ಇರುವವಳು ನೀನು ಒಬ್ಬಳು.”

“ಹೌದು. ತಪ್ಪಾಯಿತು.”

“ಒಂದು ಹುಡುಗಿ. ಊಟ ಹಾಕಿದರೆ ಉಂಡು ಸುಮ್ಮನೆ ಇರ್ತಾಳೆ. ಅಷ್ಟೂ ನಿನಗೆ ಭಾರವಾಯಿತಾ?”

ಈ ಮಾತಿಗೆ ನನ್ನ ಬಳಿ ಉತ್ತರವಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ನುಂಗಿಕೊಂಡೆ. ಲಾರೆನ್ಸ್ ಎರಡೂ ಕಡೆ ನೋಡಿ, “ಒಂದು ಟಿಕೆಟು ವಾಪಸು ಮಾಡಬೇಕಲ್ಲ ಹಾಗಾದರೆ,” ಎಂದು ಫೋನಿನ ಕಡೆ ನಡೆದ. ಅವನ ದನಿಯಲ್ಲಿ ಬೇಸರಕ್ಕಿಂತ ಬಿಡುಗಡೆಯೇ ಹೆಚ್ಚಿದ್ದಂತೆ ನನಗೆ ಕೇಳಿಸಿತು, ನನ್ನ ಭ್ರಮೆಯೂ ಇರಬಹುದು. ಐರಿನ್ ನನಗೆ ಬೆನ್ನು ಹಾಕಿ ನಿಂತಳು.

ತಿರುಗಿದರೆ ಬಾಗಿಲಲ್ಲಿ ಜೊವಿ. ನಿದ್ದೆಯ ಕಣ್ಣು, ಕಾಲೆಲ್ಲ ಮರಳು. ಪೂರ್ತಿ ಕೇಳಿಸಿಕೊಂಡಿದ್ದಳು. ಏನೋ ಹೇಳಲು ಬಾಯಿ ತೆರೆದಳು. ನಾನು ತಲೆಯಾಡಿಸಿ ಬೇಡ ಎಂದೆ.

ಹಜಾರಕ್ಕೆ ಬಂದು ಕುರ್ಚಿಯಲ್ಲಿ ಕೂತೆ. ಅವಳು ಒಳಗೆ ಹೋಗಿ ಹಳೆಯ ಪೇಪರು, ಬಾಚಣಿಗೆ ತಂದಳು. ಪೇಪರನ್ನು ನನ್ನ ಕುರ್ಚಿಯ ಹಿಂದೆ ಹಾಸಿ, ಕೇಳದೆಯೇ ನನ್ನ ತುರುಬು ಬಿಚ್ಚಿ, ಎಳೆ ಎಳೆಯಾಗಿ ಬಾಚತೊಡಗಿದಳು. ಮರಳು ಪೇಪರಿನ ಮೇಲೆ ಸಣ್ಣಗೆ ಸದ್ದು ಮಾಡುತ್ತ ಉದುರುತ್ತಿತ್ತು. ನನ್ನ ತಲೆಯನ್ನು ಬೇರೊಬ್ಬರು ಬಾಚಿ ಎಷ್ಟು ವರ್ಷವಾಗಿತ್ತೋ ನನಗೇ ನೆನಪಿಲ್ಲ. ಕಣ್ಣಿಂದ ನೀರು ಬಂತು, ಬರಲಿ ಎಂದು ಬಿಟ್ಟೆ. ಅವಳು ಹಿಂದಿದ್ದಳು, ಅವಳಿಗೆ ಕಾಣುವಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಐರಿನ್ ಕರೆದಳು. “ಜೊವಿ, ಊಟಕ್ಕೆ ಬಾ.” ನನ್ನ ಹೆಸರು ಹೇಳಲಿಲ್ಲ.

ಬಾಚಣಿಗೆ ನಿಂತಿತು. ಜೊವಿ ಒಂದು ಕೈಯನ್ನು ನನ್ನ ಹೆಗಲ ಮೇಲಿಟ್ಟಳು.

“ಮಾವ್ಶಿಯ ತಲೆ ಇನ್ನೂ ಆಗ್ಲಿಲ್ಲ ಮಮ್ಮಿ,” ಎಂದಳು. “ಅವರೊಟ್ಟಿಗೆ ಬರ್ತೇನೆ.”